ಅವ್ವ ಹೇಳಿದ್ದು, ತಮ್ಮ ಬರೆದದ್ದು

ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆ ಎರಡು ವಾರ ತಡವಾಗಿ ನಿಮ್ಮ ಕೈ ಸೇರುತ್ತಿದೆ. ಮುದ್ರಕರ ತಪ್ಪೇನಿಲ್ಲ, ತಪ್ಪು ನನ್ನದೇ. ಡಿಸೆಂಬರಿನಲ್ಲಿ ಎಳ್ಳಮಾಸಿ ಹಬ್ಬಕ್ಕೆಂದು ಕಲಬುರಗಿಗೆ ಹೋದವನು ಅಲ್ಲಿ ಅವ್ವನ ಟ್ರಂಕು ತೆರೆದು ಕೂತುಬಿಟ್ಟೆ.

ತಗಡಿನ ಟ್ರಂಕು. ಒಳಗೆ ಡಾಂಬರು ಗುಳಿಗೆಯ ವಾಸನೆ, ಎರಡು ಇಳಕಲ್ ಸೀರೆ, ಅವುಗಳ ನಡುವೆ ನಾನು ಜರ್ಮನಿಯಿಂದ ಬರೆದ ಏರೋಗ್ರಾಮ್‌ಗಳ ಕಟ್ಟು. ತಳದಲ್ಲಿ ಮನೆಯವರು ನನಗೆ ಬರೆದ ಪತ್ರಗಳು, ಓದು ಮುಗಿಸಿ ಬಂದಾಗ ನಾನೇ ತಂದು ಬಿಟ್ಟುಹೋದವು. ಜೊತೆಗೊಂದು ಕ್ಯಾಸೆಟ್. ಅವ್ವ ಹೋದ ಮೇಲೆ ಆ ಟ್ರಂಕನ್ನು ಯಾರೂ ತೆಗೆದಿರಲಿಲ್ಲ.

ಮೊದಲು ನನ್ನ ಪತ್ರಗಳನ್ನೇ ಓದಿದೆ. ನಾಚಿಕೆಯಾಯಿತು. ‘ತೀರ್ಥರೂಪರಾದ ಅಪ್ಪಾಜಿಯವರಿಗೆ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಚಳಿ ಇದೆ. ಅಭ್ಯಾಸ ಸರಿಯಾಗಿ ನಡೆದಿದೆ.’ ನಲವತ್ತಕ್ಕೂ ಹೆಚ್ಚು ಪತ್ರ, ತಾರೀಖು ಬಿಟ್ಟರೆ ಎಲ್ಲವೂ ಒಂದೇ. ಪರದೇಶ ಕಂಡು ಬಂದವನ ನೆನಪು ಅಂತ ಅದರಲ್ಲಿ ಹುಡುಕಿದರೆ ಒಂದು ಹಿಡಿ ಸಿಗುವುದಿಲ್ಲ.

ನಾನು ಊರು ಬಿಟ್ಟದ್ದು 1987ರ ಮೇ ತಿಂಗಳಲ್ಲಿ. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿದ್ದೆ, ತೊಗರಿಯ ನೆಟೆ ರೋಗ ನನ್ನ ವಿಷಯ. ಡಿಎಎಡಿ ಎಂಬ ಜರ್ಮನ್ ಸಂಸ್ಥೆಯ ಶಿಷ್ಯವೇತನ ಸಿಕ್ಕಿತು. (ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಗುಲ್ಬರ್ಗಾ. 2014ರಲ್ಲಿ ಸರಕಾರ ಅದನ್ನು ಕಲಬುರಗಿ ಮಾಡಿತು. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಕಲಬುರ್ಗಿಯೇ.) ವಿಮಾನದ ಟಿಕೇಟು ಅವರದು, ಆದರೆ ಸೂಟ್‌ಕೇಸು, ಕೋಟು, ಮುಂಬೈ ತನಕದ ಖರ್ಚು ನಮ್ಮದು. ಅಪ್ಪ ನೆಹರೂ ಗಂಜಿಗೆ ಹೋಗಿ ಅಡತಿಯವರ ಹತ್ತಿರ ಮುಂದಿನ ಸುಗ್ಗಿಯ ತೊಗರಿಯ ಮೇಲೆ ರೊಕ್ಕ ಎತ್ತಿಕೊಂಡು ಬಂದರು. ತೊಗರಿ ಯಾಕೆ ಒಣಗುತ್ತದೆಂದು ಓದಲು ಹೊರಟ ಮಗನಿಗೆ, ಒಣಗದೆ ಉಳಿದರೆ ತೀರುವ ಸಾಲ.

ಸೂಟ್‌ಕೇಸಿನ ಮುಕ್ಕಾಲು ಭಾಗ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಕೋಟಿಗೆ ಜಾಗವೇ ಉಳಿಯಲಿಲ್ಲ. ಹಾಗಾಗಿ ಕಲಬುರಗಿ ಸ್ಟೇಷನ್ನಿನಲ್ಲಿ, ನೆಲದ ಶಹಾಬಾದ್ ಪರ್ಸಿ ಕಲ್ಲು ಕಾದು ಚಪ್ಪಲಿಯೊಳಗಿನ ಅಂಗಾಲೂ ಸುಡುವ ಹೊತ್ತಿನಲ್ಲಿ, ಉಣ್ಣೆ ಕೋಟು ತೊಟ್ಟು ನಿಂತಿದ್ದೆ. ಗಾಡಿ ಎರಡು ತಾಸು ತಡ. ಬೀಳ್ಕೊಡಲು ಬಂದ ಓಣಿಯ ಮಂದಿಗೆ ನಾನು ಹೋಗುವುದಕ್ಕಿಂತ ಕೋಟೇ ದೊಡ್ಡ ಸುದ್ದಿ. ಸೊಲ್ಲಾಪುರ ದಾಟಿದ ಮೇಲೆ ಎದುರಿನ ಸೀಟಿನ ಮುದುಕ ತಡೆಯಲಾರದೆ ಕೇಳಿದ: “ಜ್ವರ ಬಂದಾವೇನು ತಮ್ಮಾ?” ಮನೆಗೆ ಬರೆದದ್ದು: ‘ಪ್ರಯಾಣ ಸುಖಕರವಾಗಿತ್ತು.’

ನಾಲ್ಕು ತಿಂಗಳು ಭಾಷೆ ಕಲಿತು ಗೊಟ್ಟಿಂಗೆನ್‌ನ ಪ್ರಯೋಗಾಲಯ ಸೇರಿದೆ. ನೆಟೆ ಏನೆಂದು ನಮ್ಮ ಭಾಗದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಹೂ, ಕಾಯಿ ಹೊತ್ತು ನಿಂತ ಗಿಡ ನೆಲದಲ್ಲಿ ತೇವ ಇದ್ದರೂ ಬಾಡುತ್ತದೆ. ಬುಡದ ತೊಗಟೆ ಸುಲಿದರೆ ಒಳಗೆ ಕಪ್ಪು ಗೆರೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು, ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಇಷ್ಟನ್ನು ಜರ್ಮನ್ ಭಾಷೆಯಲ್ಲಿ ಹೇಳುವುದನ್ನು ಕಲಿತು ಉಬ್ಬಿಕೊಂಡಿದ್ದೆ. ಆಮೇಲೆ 1988ರ ಬೇಸಿಗೆ ಬಂತು. ಗಾಜಿನ ಮನೆಯಲ್ಲಿ ನನ್ನ ತೊಗರಿ ಆಳೆತ್ತರ ಬೆಳೆಯಿತು, ಹೂ ಮಾತ್ರ ಒಂದೂ ಇಲ್ಲ. ಹಗಲು ಕುಗ್ಗದೆ ನಮ್ಮ ತೊಗರಿ ಹೂಬಿಡುವುದಿಲ್ಲ. ಜೂನಿನ ಗೊಟ್ಟಿಂಗೆನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು. ಪುಸ್ತಕದಲ್ಲಿ ಓದಿದ್ದ ವಿಷಯವೇ, ಕಣ್ಣಮುಂದೆ ನಡೆದಾಗ ತಲೆಗೆ ಹೊಳೆಯಲಿಲ್ಲ. ಕೊನೆಗೆ ಲ್ಯಾಬಿನ ಸಹಾಯಕಿಯೊಬ್ಬರು ಕರಿ ಬಟ್ಟೆ ತಂದುಕೊಟ್ಟರು. ದಿನಾ ಸಂಜೆ ಐದಕ್ಕೆ ಗಿಡಗಳಿಗೆ ಹೊದಿಸಿ, ಮುಂಜಾನೆ ತೆಗೆಯುತ್ತಿದ್ದೆ. ಕೂಸುಗಳನ್ನು ಮಲಗಿಸಿದ ಹಾಗೆ.

ಮುಂದಿನ ವರ್ಷ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು. ಪೂರ್ವ ಜರ್ಮನಿಯ ಗಡಿ ನಮಗೆ ಇಪ್ಪತ್ತು ಕಿಲೋಮೀಟರಿನೊಳಗೆ. 11ರ ಶನಿವಾರ ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ನಮ್ಮೂರಿನ ವಾಸನೆ! ಸ್ಟೇಷನ್ ಬಜಾರಿನ ಆಟೋರಿಕ್ಷಾದ ಹೊಗೆ, ಅದೇ ಎಣ್ಣೆ ಬೆರೆತ ಪೆಟ್ರೋಲು. ಕೆಳಗೆ ಬೀದಿ ತುಂಬ ಟ್ರಾಬಂಟ್ ಕಾರು, ಅದಕ್ಕೂ ಎರಡು ಸ್ಟ್ರೋಕಿನ ಎಂಜಿನ್ನೇ. ಗಡಿ ದಾಟಿ ಬಂದವರಿಗೆ ತಲೆಗೆ 100 ಮಾರ್ಕ್ ಸ್ವಾಗತದ ಹಣ. ಅದಕ್ಕಾಗಿ ಕೈಮಕ್ಕಳನ್ನೆತ್ತಿಕೊಂಡು ಚಳಿಯಲ್ಲಿ ಸಾಲು ನಿಂತಿದ್ದರು. ಇತರರು ಮೂಗು ಮುಚ್ಚಿಕೊಂಡು ಹೋಗುತ್ತಿದ್ದಾಗ ನಾನೊಬ್ಬ ಎದೆತುಂಬ ಆ ಹೊಗೆ ಎಳೆದುಕೊಳ್ಳುತ್ತ ನಿಂತಿದ್ದೆ. ಆ ವಾರದ ಪತ್ರ ಟ್ರಂಕಿನಲ್ಲಿತ್ತು. ಇದರ ಬಗ್ಗೆ ಇರುವುದು ಒಂದೇ ಸಾಲು: ‘ಇಲ್ಲಿ ಈಗ ಜನಸಂದಣಿ ಹೆಚ್ಚಾಗಿದೆ.’

ಮನೆಯಿಂದ ಬಂದ ಪತ್ರಗಳೂ ನನ್ನವಕ್ಕೆ ಜೋಡಿ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಹೇಳುತ್ತಿದ್ದಳು, ಹೈಸ್ಕೂಲಿನಲ್ಲಿದ್ದ ತಮ್ಮ ಬರೆಯುತ್ತಿದ್ದ. ‘ಎಳ್ಳ ಅಮಾವಾಸ್ಯೆಯ ನಿಮಿತ್ತ ಹೊಲದಲ್ಲಿ ಚರಗದ ಕಾರ್ಯಕ್ರಮವು ವಿಜೃಂಭಣೆಯಿಂದ ಜರುಗಿತು. ತಾಯಿಯವರು ತಮ್ಮನ್ನು ಸ್ಮರಿಸಿದರು.’ ಹದಿನೈದು ದಿನ ಕಾದು ಬಂದ ಪತ್ರದಲ್ಲಿ ಇದನ್ನು ಓದಿ, ಹೊಲಕ್ಕೆ ಎಡೆ ಚೆಲ್ಲುವ ಚರಗ ನಮ್ಮಲ್ಲಿ ಕಾರ್ಯಕ್ರಮ ಯಾವಾಗ ಆಯಿತು ಎಂದುಕೊಂಡಿದ್ದೆ.

ಅದೇ ಚರಗದ ವರದಿ ಕ್ಯಾಸೆಟ್ಟಿನಲ್ಲೂ ಇದೆ. ಬಟ್ಟೆ ಹೊಲಿದ ಪಾರ್ಸಲ್ಲಿನಲ್ಲಿ ಶೇಂಗಾ ಹಿಂಡಿಯ ಜೊತೆ ಅದನ್ನು ಕಳಿಸಿದ್ದರು. ಪುಡಿಯ ಚೀಲ ದಾರಿಯಲ್ಲಿ ಒಡೆದು ಕ್ಯಾಸೆಟ್ಟಿನ ಗಾಲಿಯೊಳಗೆಲ್ಲ ಕೆಂಪು. ಲ್ಯಾಬಿನ ಸ್ಪಿರಿಟ್ಟು, ಹತ್ತಿ ತಂದು ಅರ್ಧ ರಾತ್ರಿ ಒರೆಸಿದೆ. ಮೊನ್ನೆ ತಮ್ಮನ ಮಗ ಎಲ್ಲಿಂದಲೋ ಒಂದು ಟೇಪ್ ರೆಕಾರ್ಡರ್ ಹುಡುಕಿ ತಂದ. ಕಿರ್ ಕಿರ್ ಸದ್ದಿನ ಹಿಂದೆ ಅವ್ವ:

“ಈ ಡಬ್ಬಿ ಮುಂದ ಏನಂತ ಮಾತಾಡ್ಲೋ... ತಮ್ಮಾ, ಎಳ್ಳಮಾಸಿಗಿ ಹೊಲಕ್ಕ ಹೋಗಿದ್ವಿ. ನಿನ್ನ ಪಾಲಿನ ಸಜ್ಜಿ ಕಡಬು ಎತ್ತಿಗಿ ಹಾಕಿನಿ. ಅದೂ ನಿನ್ನಂಗೇ ಅದ, ಬೆಲ್ಲ ಕಂಡ್ರ ಬಿಡಂಗಿಲ್ಲ. ಅಲ್ಲಿ ನಿನ್ನ ತೊಗರಿ ಹೂ ಬಿಡ್ತೋ ಇಲ್ಲೋ? ಬಿಡಲಿಲ್ಲಂದ್ರ ಬಂದುಬಿಡು, ಇಲ್ಲಿ ಬಿಟ್ಟದ.”

ತಮ್ಮನಿಗೀಗ ಐವತ್ತು ದಾಟಿದೆ. ಟೇಪು ನಿಂತ ಮೇಲೆ ಕೇಳಿದ: “ಅಣ್ಣಾ, ನಾ ಬರಿತಿದ್ದ ಕಾಗದ ಛಲೋ ಇರತಿದ್ದಿಲ್ಲೇನು? ಅವ್ವ ಅಂದಂಗೇ ಬರದ್ರ ಫಾರಿನ್ನಿನ್ಯಾಗ ನಗ್ತಾರ ಅಂತ ತಿದ್ದತಿದ್ದೆ.” ಛಲೋನೇ ಇರತಿದ್ದವು ಎಂದೆ.

ತಿದ್ದುವ ವಿಷಯಕ್ಕೆ ಅವನನ್ನು ಯಾವ ಬಾಯಲ್ಲಿ ಅನ್ನಲಿ? ಊರಿಗೆ ಹೊರಡುವ ಮುಂಚೆ ನಾನು ಮುಗಿಸಿದ್ದ ಕಡೆಯ ಸಂಪಾದಕೀಯ ಕೆಲಸ ಬೀದರಿನ ಸದಸ್ಯೆಯೊಬ್ಬರ ಲೇಖನ. ಮೂವತ್ತು ವರ್ಷದ ಹಿಂದೆ ಸಂಶೋಧನೆಗೆಂದು ಒಬ್ಬರೇ ಊರು ಬಿಟ್ಟು ಬಂದ ಕಥೆ. ಅವರ ‘ಗಾಡಿ ಬರಲತ್ತಿತ್ತು’ ನನ್ನ ಕೈಯಲ್ಲಿ ‘ರೈಲು ಆಗಮಿಸುತ್ತಿತ್ತು’ ಆಗಿತ್ತು. ‘ಅದ’ ಇದ್ದಲ್ಲೆಲ್ಲ ‘ಇದೆ’. ನನ್ನ ಮನೆಯ ಮಾತನ್ನೇ ನಾನು ಅಳಿಸಿದ್ದೆ, ಅದೂ ಎಲ್ಲರಿಗೂ ತಿಳಿಯಲಿ ಎಂಬ ಒಳ್ಳೆಯ ಬುದ್ಧಿಯಿಂದ! ಮರಳಿ ಬಂದವನೇ ಮೂಲ ಪ್ರತಿ ತೆಗೆದು ಪುಟವನ್ನು ಮತ್ತೆ ಜೋಡಿಸಲು ಹೇಳಿದೆ. ತಡವಾದದ್ದು ಅದಕ್ಕೂ ಹೌದು.

ಅವರಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. ನಕ್ಕರು. “ಇರಲಿ ಬಿಡ್ರಿ ಸರ್. ನಾನೂ ಮೊದಲ ಪುಸ್ತಕದ ಭಾಷಾದಾಗೇ ಬರದಿದ್ದೆ. ಓದಿದ್ರ ನಾನೇ ಹೋಗಿ ಬಂದಂಗ ಅನಸಲಿಲ್ಲ. ಹರದು ಒಗದು ಮತ್ತ ಬರದೆ.”

ಲೇಖನ ಆರನೇ ಪುಟದಲ್ಲಿದೆ.