ಅಣ್ಣನವರಿಗೆ, ಲಂಡನ್ನಿನಿಂದ

ತೀರ್ಥರೂಪು ಅಣ್ಣನವರ ಚರಣಗಳಲ್ಲಿ ಶ್ರೀನಿವಾಸ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಈವರೆಗೆ ನಾನು ಕ್ಷೇಮ.

ಅಮ್ಮನ ಕಾಗದ ಮೊನ್ನೆ ಬಂತು. ಹೃದಯದ ಶಸ್ತ್ರಚಿಕಿತ್ಸೆಗೆ ನೀವು ಒಪ್ಪುತ್ತಿಲ್ಲವೆಂದೂ, "ಅರವತ್ತಾರಾಯಿತು, ಇನ್ನು ನಾನು ಮಾಡಬೇಕಾದದ್ದೇನಿದೆ" ಎಂದು ಡಾಕ್ಟರ ಎದುರಿಗೇ ಹೇಳಿದಿರೆಂದೂ ಬರೆದಿದ್ದಾಳೆ. ಫೋನಿನಲ್ಲಿ ಈ ಮಾತೆತ್ತಿದರೆ ನೀವು ಇಲ್ಲಿಯ ಮಳೆಯ ವಿಚಾರ ಕೇಳುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಹುಡುಕಲು ಹೇಳಿದ್ದ, ರಷ್ಯದ ಸಂಗೀತಗಾರ ಮೆಟ್ನರನ ಮೂರನೆಯ ಪಿಯಾನೊ ಕಾನ್ಸರ್ಟೊ ಸಿಕ್ಕಿತು. 1947ರಲ್ಲಿ ಇಲ್ಲಿಯ ಆಬಿ ರೋಡ್ ಸ್ಟುಡಿಯೋದಲ್ಲಿ ಅವನೇ ಪಿಯಾನೊ ನುಡಿಸಿ, ಡೊಬ್ರೊವೆನ್ ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದ, ನಮ್ಮ ಜಯಚಾಮರಾಜ ಒಡೆಯರು ಹಣ ಕೊಟ್ಟು ಮಾಡಿಸಿದ ಧ್ವನಿಮುದ್ರಣವೇ ಅದು. ಕೃತಿಯ ಅರ್ಪಣೆಯೂ ಅವರಿಗೇ. ಆ ರಸ್ತೆಗೂ ಹೋಗಿಬಂದೆ. ಬೀಟಲ್ಸ್ ನಡೆದರೆಂದು ಜನ ಅಲ್ಲಿಯ ಬಿಳಿ ಪಟ್ಟೆಗಳ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಬಸ್ಸು ಕಾಯುತ್ತಿರುತ್ತದೆ. ಒಬ್ಬನಿಗೆ ಮೈಸೂರಿನ ಮಹಾರಾಜರ ಕಥೆ ಹೇಳತೊಡಗಿದೆ. ಅವನು ತನ್ನ ಫೋನನ್ನು ನನ್ನ ಕೈಗಿತ್ತು, ತನ್ನದೊಂದು ಫೋಟೋ ತೆಗೆಯಲು ಕೇಳಿದ.

ಶ್ರುತಿ, ಕಾಲಪ್ರಮಾಣ ಹೇಗಿದೆಯೆಂದು ಕೇಳಿದ್ದಿರಿ. ಕೃತಿ ಇ ಮೈನರ್‌ನಲ್ಲಿದೆ, ನಮ್ಮ ಲೆಕ್ಕದಲ್ಲಿ ನಠಭೈರವಿ, ಕೀರವಾಣಿ ರಾಗಗಳ ನೆರೆಹೊರೆ. ಆದರೆ ಇವರು ಒಂದೇ ಷಡ್ಜಕ್ಕೆ ಕಟ್ಟುಬಿದ್ದವರಲ್ಲ, ಆಧಾರವನ್ನೇ ಕದಲಿಸುತ್ತಾ ಹೋಗುತ್ತಾರೆ. ತಂಬೂರಿಗೆ ಇಲ್ಲಿ ಕೆಲಸವಿಲ್ಲ. ಮೊದಲ ಭಾಗಕ್ಕೆ "ಕಾನ್ ಮೋಟೊ, ಲಾರ್ಗಮೆಂಟೆ" ಎಂದು ಬರೆದಿದ್ದಾನೆ: ಚಲನೆಯಿರಬೇಕು, ಹರವೂ ಇರಬೇಕು. ವಿಳಂಬವಲ್ಲ, ಅವಸರವೂ ಅಲ್ಲ; ನೀವು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದ ನಡಿಗೆಯೆಂದುಕೊಳ್ಳಿ. ನಡುವೆ ನಿಗೂಢವಾದೊಂದು ಚಿಕ್ಕ ಭಾಗ. ಇದಕ್ಕೆಲ್ಲ ಮೂಲ ರಷ್ಯದ ಕವಿ ಲೆರ್ಮಂಟೋವನ ಕವಿತೆ: ನದಿಯ ತಳದಲ್ಲಿ ಮಲಗಿದ ವೀರನಿಗೆ ಜಲಕನ್ಯೆ ಎಷ್ಟು ಮುತ್ತಿಟ್ಟರೂ ಅವನು ಕಣ್ಣು ತೆರೆಯುವುದಿಲ್ಲ. ಕೊನೆಯ ಭಾಗದ ವೇಗ ಬಹಳ ಚುರುಕು, ಅದರ ತಲೆಯ ಮೇಲೆ ಮೆಟ್ನರ್ ಬರೆದದ್ದು "ಸ್ವೆಲ್ಯಾಂಡೊ, ಎರೋಯಿಕೊ", ಎಂದರೆ ಎಚ್ಚರಿಸುತ್ತಾ, ವೀರಭಾವದಿಂದ. ಹಳೆಯ ಗ್ರಾಮಫೋನ್ ತಟ್ಟೆಯ ಕರಕರ ಸದ್ದಿನ ಹಿಂದಿನಿಂದ ಆ ಭಾಗ ಎದ್ದುಬಂದಾಗ ನಾನು ಅಡುಗೆಮನೆಯಲ್ಲಿ ಹಾಲು ಉಕ್ಕಿಸಿಬಿಟ್ಟೆ.

ಅಣ್ಣ, ಈ ಕೃತಿಯನ್ನು ಬರೆಯುತ್ತಿದ್ದಾಗಲೇ, 1942ರಲ್ಲಿ, ಅವನಿಗೆ ಹೃದಯಾಘಾತವಾಯಿತು. ಆಗ ಅರವತ್ತೆರಡು. ಕೆಲಸ ತಡವಾಯಿತೇ ಹೊರತು ನಿಲ್ಲಲಿಲ್ಲ. 1944ರಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾನೇ ನುಡಿಸಿದ, ಈ ಮುದ್ರಣದ ಹೊತ್ತಿಗೆ ಅವನಿಗೆ ಅರವತ್ತೇಳು, ನಿಮಗಿಂತ ಒಂದು ವರ್ಷ ಹಿರಿಯ. ಮುಂದೆಷ್ಟು ದಿನ ಬದುಕಿದನೆಂದು ನೀವು ಹುಡುಕುವವರೇ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ: 1951ರವರೆಗೆ. ಅವನ ಕಾಲದಲ್ಲಿ ಬೈಪಾಸ್ ಇರಲಿಲ್ಲ. ನಿಮಗೆ ಇದೆ.

ಹಣದ ಯೋಚನೆ ಬೇಡ, ಸ್ವಲ್ಪವೂ ಬೇಡ. ನನಗಿಲ್ಲಿ ಏನೂ ತೊಂದರೆಯಿಲ್ಲ, ಕೆಲಸ ಭದ್ರವಾಗಿದೆ, ಊಟ ಸರಿಯಾಗಿ ನಡೆಯುತ್ತದೆ, ಚಳಿಯೂ ಅಷ್ಟೇನಿಲ್ಲ, ರಜೆ ಸಿಕ್ಕೇ ಸಿಗುತ್ತದೆ. ನೀವು ದಿನ ಗೊತ್ತುಮಾಡಿ ತಿಳಿಸಿದರೆ ಹತ್ತು ದಿನ ಮುಂಚೆಯೇ ಬಂದು, ಕಾನ್ಸರ್ಟೊವನ್ನೂ ತಂದುಕೊಡುತ್ತೇನೆ. ಅಂಚೆಗೆ ಹೊತ್ತಾಯಿತು. ಅಮ್ಮನಿಗೆ ನಮಸ್ಕಾರ, ಸೀತೂಗೆ ಆಶೀರ್ವಾದ. ಮಾತ್ರೆ ತಪ್ಪಿಸಬೇಡಿ.

ಇಂತಿ ನಿಮ್ಮ ಮಗ,
ಶ್ರೀನಿವಾಸ