ನನ್ನ ಮಾತು ಮುಗಿಯುವವರೆಗೂ ಕಾದ ಮೇಷ್ಟ್ರಿಗೆ

ನಿನ್ನೆ ಪಿಎಚ್‌ಡಿಯ ಮೌಖಿಕ ಪರೀಕ್ಷೆ ಮುಗಿಯಿತು. ದಾರಿ ತೋರಿದ ಮಾರ್ಗದರ್ಶಕರಿಗೆ, ಕರಡು ತಿದ್ದಿಕೊಟ್ಟ ಗೆಳೆಯರಿಗೆ, ಮನೆಯ ಹೊರೆ ಹೊತ್ತ ನನ್ನವರಿಗೆ ಮನಸಾರೆ ನಮಸ್ಕಾರ. ಇವತ್ತು ಹೇಳಲೇಬೇಕಿರುವುದು ಐದನೇ ಕ್ಲಾಸಿನ ನಮ್ಮ ಮೇಷ್ಟ್ರ ವಿಷಯ.

ನನಗೆ ಉಗ್ಗು. ಎಲ್ಲಕ್ಕಿಂತ ಕಷ್ಟವಾಗುತ್ತಿದ್ದದ್ದು ನನ್ನದೇ ಹೆಸರು. ಬೇರೆ ಯಾವುದೇ ಪದ ತಡೆದರೂ ಅದೇ ಅರ್ಥದ ಇನ್ನೊಂದನ್ನು ಹುಡುಕಿ ಪಾರಾಗಬಹುದು, ಹೆಸರಿಗೆ ಬದಲಿ ಎಲ್ಲಿಂದ ತರುವುದು? ದೊಡ್ಡವರು "ನಿಧಾನ, ಉಸಿರು ತಗೋ" ಅನ್ನುತ್ತಿದ್ದರು, ಇಲ್ಲವೇ ನನ್ನ ವಾಕ್ಯವನ್ನು ತಾವೇ ಮುಗಿಸಿಬಿಡುತ್ತಿದ್ದರು. ಪ್ರೀತಿಯಿಂದಲೇ. ಆದರೆ ಗಂಟಲು ಇನ್ನಷ್ಟು ಬಿಗಿಯುತ್ತಿತ್ತು.

ಮೇಷ್ಟ್ರು ಸುಮ್ಮನೆ ಕಾಯುತ್ತಿದ್ದರು. ನನ್ನ ಮುಖದಿಂದ ಕಣ್ಣು ತೆಗೆಯದೆ, ನಾನು ಹೇಳುತ್ತಿರುವ ವಿಷಯವಷ್ಟೇ ಮುಖ್ಯ ಎಂಬಂತೆ. ಒಂದು ದಿನ ಪದ್ಯ ಓದುವ ಸರದಿ ನನಗೆ ಬಂತು. ಅವರು ಬೆಂಚಿನ ಪಕ್ಕ ಬಂದು ನಿಂತು ತಾವೂ ದನಿಗೂಡಿಸಿದರು. ಕೊನೆಯ ಸಾಲಿನವರೆಗೂ ಎಲ್ಲೂ ತಡೆಯಲಿಲ್ಲ. ಇನ್ನೊಬ್ಬರ ಜೊತೆ ಒಂದೇ ಲಯದಲ್ಲಿ ಓದುವಾಗ, ಹಾಡುವಾಗ ಉಗ್ಗು ಬಹುತೇಕರಲ್ಲಿ ಆ ಹೊತ್ತಿಗೆ ಸರಿಯುತ್ತದೆ ಎಂದು ವಾಕ್‌ಚಿಕಿತ್ಸಕರಿಂದ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮೇಷ್ಟ್ರಿಗೆ ಅದು ಮೊದಲೇ ಗೊತ್ತಿತ್ತೋ, ಹುಡುಗ ಒಂಟಿಯಾಗಬಾರದು ಅಂತಷ್ಟೇ ಅನ್ನಿಸಿತ್ತೋ. ನನ್ನ ದನಿ ತಡೆಯಿಲ್ಲದೆ ಹರಿದದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು.

ಇದನ್ನು ಬರೆಯುವಾಗ ಕಣ್ಣು ಮಂಜಾಗುತ್ತಿದೆ. ಉತ್ತರ ಗೊತ್ತಿದ್ದರೂ ಗೊತ್ತಿಲ್ಲವೆಂದು ತಲೆಯಾಡಿಸುವುದು ಆ ವಯಸ್ಸಿಗೇ ನನಗೆ ರೂಢಿಯಾಗಿತ್ತು. ಅವರು ಸಿಗದೇ ಹೋಗಿದ್ದರೆ ಪೂರ್ತಿ ಮೂಕನಾಗಿಬಿಡುತ್ತಿದ್ದೆ. ಶಾಲೆಯ ಕಾರ್ಯಕ್ರಮಕ್ಕೆ ನನ್ನ ಹೆಸರು ಬರೆದಾಗ ಯಾರೋ ಅನುಮಾನಿಸಿದರು. "ಅವನೇ ಹೇಳಲಿ, ನಮಗೇನು ಅವಸರ?" ಅಂದರು ಮೇಷ್ಟ್ರು.

ಉಗ್ಗು ಹೋಗಲಿಲ್ಲ. ದೊಡ್ಡವರಲ್ಲೂ 100ಕ್ಕೆ ಸುಮಾರು ಒಬ್ಬರಿಗೆ ಅದು ಇರುತ್ತದೆ, ಆ ಒಬ್ಬ ನಾನು. ನಿನ್ನೆ ಮೊದಲಿಗೇ ಪರೀಕ್ಷಕರಿಗೆ ಹೇಳಿದೆ: ನನಗೆ ಉಗ್ಗಿದೆ, ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತದೆ. ಹಾಗೆ ಕೇಳಿಕೊಳ್ಳುವುದು ನನ್ನ ಹಕ್ಕು ಎಂಬ ಧೈರ್ಯ ಐದನೇ ಕ್ಲಾಸಿನಲ್ಲಿ ಸಿಕ್ಕಿದ್ದು. ನಿಮ್ಮ ತರಗತಿಯಲ್ಲೂ ಇಂಥ ಮಗುವಿದ್ದರೆ, ದಯವಿಟ್ಟು ಅದರ ವಾಕ್ಯವನ್ನು ಅದೇ ಮುಗಿಸಲು ಬಿಡಿ.

ಮೇಷ್ಟ್ರೇ, ಪ್ರಬಂಧದ ಒಂದು ಪ್ರತಿ ನಿಮಗೆಂದು ಎತ್ತಿಟ್ಟಿದ್ದೇನೆ. ರಜೆ ಸಿಕ್ಕ ಕೂಡಲೇ ತಂದುಕೊಡುತ್ತೇನೆ.