‘ಏನಾದ್ರೂ ಮಾಡು’ ಅನ್ನೋದು ಉತ್ತರ ಅಲ್ಲ

ಸಂಪಾದಕರೇ,

ನಿಮ್ಮ ಪುರವಣಿಲಿ ವಾರಾವಾರಾ ಹೊಸರುಚಿ ಬರುತ್ತೆ, ಓದೋಕೆ ಚೆನ್ನಾಗೇ ಇರುತ್ತೆ, ಆದ್ರೆ ನಮ್ಮನೇಲಿ ತೊಂದರೆ ಇರೋದು ಅಡುಗೆ ಮಾಡೋದ್ರಲ್ಲಿ ಅಲ್ಲ, ಸಂಜೆ ಏಳು ಗಂಟೆಗೆ ರಾತ್ರಿಗೆ ಏನು ಅಂತ ತೀರ್ಮಾನ ಮಾಡೋದ್ರಲ್ಲಿ. ಕೇಳಿದ್ರೆ ಎಲ್ರೂ ಮೊಬೈಲಿಂದ ತಲೆ ಎತ್ತದೆ ‘ಏನಾದ್ರೂ ಮಾಡು’ ಅಂತಾರೆ, ಸರಿ ಅಂತ ಒಂದು ಹೆಸರು ಹೇಳಿದ್ರೆ ‘ಅಯ್ಯೋ ಅದಾ’ ಅಂತ ಮುಖ ಸಿಂಡರಿಸ್ತಾರೆ. ದಿನವಿಡೀ ಆಫೀಸಲ್ಲಿ ಇದು ಬೇಕಾ ಅದು ಬೇಕಾ ಅಂತ ತಲೆ ಖರ್ಚಾಗಿರುತ್ತೆ, ಮನೆಗೆ ಬಂದ್ಮೇಲೆ ಇದೂ ನಂದೇ ಕೆಲ್ಸ.

ಈಗ ಒಂದು ಉಪಾಯ ಮಾಡಿದೀನಿ. ಮೊದ್ಲು ಫ್ರಿಜ್ ತೆಗೀತೀನಿ, ಯಾವುದು ನಾಳೆಗೆ ಕೆಡುತ್ತೋ ಅದೇ ಇವತ್ತಿನ ಊಟ, ಚರ್ಚೆ ಇಲ್ಲ. ಅದ್ರಲ್ಲಿ ಏನ್ ಮಾಡೋದು ಅನ್ನೋಕೆ ಎರಡೇ ಆಯ್ಕೆ ಕೊಡ್ತೀನಿ, ಮೂರನೇದು ಬೇಕಂದವ್ರು ತಾವೇ ಒಲೆ ಹಚ್ಚಬೇಕು. (ಇಲ್ಲಿವರೆಗೂ ಯಾರೂ ಹಚ್ಚಿಲ್ಲ ಬಿಡಿ.)

ಮಿಕ್ಕಿದ್ದು ತಿನ್ನೋಕೆ ಮೂಗು ಮುರಿಯೋರಿಗೊಂದು ಮಾತು, ವಿಶ್ವ ಆರೋಗ್ಯ ಸಂಸ್ಥೆನೇ ಹೇಳುತ್ತೆ, ಬೇಯಿಸಿದ್ದನ್ನ 2 ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಮ್ಮಿ ಇರೋ ತಂಪಲ್ಲಿಡಿ, ಮತ್ತೆ ಕಾಯಿಸುವಾಗ 70 ಡಿಗ್ರಿ ದಾಟೋ ಹಾಗೆ, ಅಂದ್ರೆ ಒಳಗಿಂದ ಹಬೆಯಾಡೋ ಹಾಗೆ ಬಿಸಿ ಮಾಡಿ ಅಂತ. ಇಷ್ಟು ಪಾಲಿಸಿದ್ರೆ ನಿನ್ನೆ ರಾತ್ರಿದನ್ನ ಇವತ್ತು ತಿನ್ನೋಕೇನು ಕಷ್ಟ?

ಅದಕ್ಕೇ ಕೇಳ್ತಿರೋದು, ಹನ್ನೆರಡು ಸಾಮಾನು ಹೊಂಚಬೇಕಾದ ಹೊಸರುಚಿ ಪಕ್ಕದಲ್ಲಿ ಫ್ರಿಜ್ಜಲ್ಲಿ ಉಳಿದಿದ್ರಲ್ಲಿ ಏನ್ ಮಾಡ್ಬಹುದು ಅಂತಾನೂ ಒಂದು ಕಾಲಂ ಹಾಕಿ. ಸಂಜೆ ಏಳರೊಳಗೆ ಓದಿ ಮುಗಿಯೋಷ್ಟು ಚಿಕ್ಕದಿರ್ಲಿ.

– ಒಬ್ಬ ಓದುಗಿ